ತುಟಿಗೆ ಒಂದು ಗೇಣು

ಕುರ್ಚಿ ತಿರುಗಿಸಿ ನೋಡಿದರೆ ಮಂಜು ಕಿಟಕಿಯವರೆಗೆ ಬಂದಿದೆ, ಮೊದಲು ಕೋಟೆಯ ಬಾಗಿಲು ಹೋಯಿತು, ಆಮೇಲೆ ಗಡಿಯಾರದ ಗೋಪುರ, ಮುಳ್ಳುಗಳು ಮಾತ್ರ ಸ್ವಲ್ಪ ಹೊತ್ತು ಆಕಾಶದಲ್ಲಿ ಹಾಗೇ ನಿಂತಿದ್ದವು, ನಾಲ್ಕಕ್ಕೆ ಹತ್ತು ನಿಮಿಷ — ನಾಲ್ಕಕ್ಕೆ ವಿಡಿಯೋ ಮೀಟಿಂಗು, ಕಿವಿಯಲ್ಲಿ ಯಾವುದೋ ಆಸ್ಪತ್ರೆಯ ಡಾಕ್ಟರು ಇನ್ನೂ ಹೇಳುತ್ತಲೇ ಇದ್ದಾರೆ, ರೋಗಿಗೆ ಅರವತ್ತೆರಡು, ಎಡಗಾಲಿನಲ್ಲಿ ಬಾವು, ನಾನು ಟೈಪು ಮಾಡುತ್ತಲೇ ಇದ್ದೇನೆ, ಇಷ್ಟೇ ನನ್ನ ಕೆಲಸ, ಅವರು ಹೇಳಿ ಕಳಿಸಿದ್ದನ್ನು ಅಕ್ಷರಕ್ಕಿಳಿಸುವುದು, ಕಿವಿ ನೆಟ್ಟಗಿದ್ದರೆ ಸಾಕು, ಊರು ಯಾವುದಾದರೇನು — ಒಂದು ಪದ ಕೇಳಿಸಲಿಲ್ಲ, ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ, ಕೆಮ್ಮಿದರೋ ಏನೋ, ಖಾಲಿ ಬಿಟ್ಟೆ. ಊಹೆ ಮಾಡಿ ತುಂಬಬೇಡ, ಖಾಲಿ ಬಿಡು, ಹೇಳಿದವರೇ ಬಂದು ತುಂಬ್ತಾರೆ, ಮೊದಲ ದಿನವೇ ನಮ್ಮ ತಂಡದ ಮೇಡಂ ಕಲಿಸಿದ್ದು. ಆ ಮೇಡಂ ಇವತ್ತು ನಿವೃತ್ತರಾಗುತ್ತಾರೆ, ಇದು ಅವರ ಕೊನೆಯ ಮೀಟಿಂಗು, ನಾಳೆ ನಿಮ್ಮಪ್ಪನ್ನ ಕ್ಯಾಮೆರಾ ಮುಂದೆ ಕೂರ್ಸಮ್ಮ, ಒಂದು ನಮಸ್ಕಾರ ಹೇಳಿ ಹೋಗ್ತೀನಿ ಅಂದರು ನಿನ್ನೆ, ಆಗಲಿ ಮೇಡಂ ಅಂದುಬಿಟ್ಟೆ, ಅಪ್ಪ ಹೋಗಿ ಹನ್ನೊಂದು ತಿಂಗಳಾಯಿತು.

ಎಲ್ಲ ಆ ಚಿತ್ರದಿಂದ, ಮೀಟಿಂಗಿನಲ್ಲಿ ಬೆನ್ನ ಹಿಂದೆ ಕಾಣಲಿ ಅಂತ ಹಾಕಿಕೊಂಡ ನಮ್ಮ ನಡುಮನೆಯ ಫೋಟೋ, ಹೊಸ ಕರ್ಟನ್ನು ಹೇಗಿದೆ ನೋಡು ಅಂತ ಅಕ್ಕನಿಗೆ ಕಳಿಸಲು ತೆಗೆದದ್ದು, ಅಂಚಿನಲ್ಲಿ ಅಪ್ಪ ಅರ್ಧ ಸಿಕ್ಕಿಬಿದ್ದಿದ್ದಾರೆ, ಗಲ್ಲ, ಮೊಣಕೈ, ಎತ್ತಿದ ಕಾಫಿ ಲೋಟ, ತುಟಿಗೆ ಇನ್ನೂ ಒಂದು ಗೇಣು. ಅಪ್ಪ ಹೋಗಿ ಒಂದು ತಿಂಗಳಿಗೆ ಈ ಕೆಲಸ ಸಿಕ್ಕಿತು, ಮೊದಲ ವಾರವೇ ಮೇಡಂ, ಹಿಂದೆ ಕೂತಿರೋದು ನಿಮ್ಮಪ್ಪಾನಾ, ಹೌದು ಮೇಡಂ, ಕಾಫಿ ಕುಡೀತಿದ್ದಾರೆ, ನಾಲಗೆ ತಾನಾಗಿ ಹೇಳಿತು, ಹೇಳಿದ ಮೇಲೆ ಎಷ್ಟು ಹಾಯೆನಿಸಿತು. ಅಲ್ಲಿಂದ ವಾರಕ್ಕೊಮ್ಮೆ ಚೆನ್ನಾಗಿದ್ದೀರಾ ಸಾರ್, ಅಪ್ಪ ಲೋಟ ಎತ್ತಿಕೊಂಡೇ ಇರುತ್ತಾರೆ, ನಿಮ್ಮಪ್ಪ ತುಂಬಾ ಸಮಾಧಾನದ ಮನುಷ್ಯ ಕಣಮ್ಮ — ಸಮಾಧಾನವಂತೆ, ಕಾಫಿಗೆ ಸಕ್ಕರೆ ಕಡಿಮೆಯಾದರೆ ಮನೆ ಹೆಂಚು ಹಾರಿಸುತ್ತಿದ್ದವರು. ಸುಳ್ಳಿಗೆ ಕಾಲಿಲ್ಲ ಅಂತಾರೆ, ನನ್ನದು ಮುನ್ನೂರು ಮೆಟ್ಟಿಲು ಹತ್ತಿ ಈ ಬೆಟ್ಟದೂರಿಗೂ ಬಂತು. ಈ ಊರು ಅಪ್ಪನದು, ಅಂದರೆ ಅವರ ಮೇಜಿನ ಗಾಜಿನ ಕೆಳಗಿದ್ದ ಹಳೇ ಪೋಸ್ಟ್‌ಕಾರ್ಡಿನದು, ಕೋಟೆ, ಗೋಪುರ, ಮೆಟ್ಟಿಲುಬೀದಿ, ಒಂದ್ಸಲ ಹೋಗಿ ಬರೋಣ ಮಗಳೇ, ರಜೆ ಸಿಗಲಿ ಅಪ್ಪ, ಮುಂದಿನ ವರ್ಷ, ಅದರ ಮುಂದಿನ ವರ್ಷ, ಈಗ ರಜೆಯೇ ಬೇಡದ ಕೆಲಸ ಸಿಕ್ಕಿದೆ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ — ಬೆಳಿಗ್ಗೆ ಕೋಟೆಯ ಬಾಗಿಲ ಕಲ್ಲು ಮುಟ್ಟಿದೆ, ತಣ್ಣಗಿತ್ತು, ಅಪ್ಪನಿಗೆ ಫೋನು ಮಾಡಿ ಹೇಳಬೇಕು ಅನ್ನಿಸಿ ಅಲ್ಲೇ ನಿಂತು ಅತ್ತೆ. ನಾನು ಇಳಿದುಕೊಂಡ ಮನೆಯೊಡತಿ ಬಿಸಿನೀರು ಇಟ್ಟು ಹೋಗುವಾಗ, ಬೆಟ್ಟ ನೋಡೋಕೆ ಬಂದು ಮೂರು ದಿನದಿಂದ ಗೋಡೆ ನೋಡ್ಕೊಂಡು ಕೂತಿದ್ದೀಯಲ್ಲಮ್ಮ, ನಿಜ, ಕಿಟಕಿಗೆ ಬೆನ್ನು ಹಾಕಿಯೇ ಕೂತಿದ್ದೇನೆ.

ಗೋಪುರ ನಾಲ್ಕು ಹೊಡೆಯಿತು, ಮಂಜಿನೊಳಗಿಂದ, ಯಾರೋ ಕಂಬಳಿ ಹೊದ್ದು ಹೊಡೆದ ಹಾಗೆ, ಮುಖಗಳು ಒಂದೊಂದಾಗಿ ಬಂದವು, ಮೇಡಂ ಕನ್ನಡಕ ಒರೆಸಿಕೊಂಡು ಸಿದ್ಧರಾಗಿದ್ದಾರೆ, ಎಲ್ಲಿದ್ದಾರಮ್ಮ ನಿಮ್ಮಪ್ಪ, ಮುಂದೆ ಕರಿ — ಮಂಡಿನೋವು, ಏಳಲಾರರು ಅನ್ನಲೇ, ಕಿವಿ ಮಂದ ಅನ್ನಲೇ, ಒಂದೇ ಒಂದು ಸುಳ್ಳು, ನಾಳೆಯಿಂದ ಕೇಳುವವರಿಲ್ಲ, ಅಪ್ಪ ನನ್ನ ಬೆನ್ನ ಹಿಂದೆ ಹಾಗೇ ಉಳಿಯುತ್ತಾರೆ, ಎಷ್ಟು ವರ್ಷ ಬೇಕಾದರೂ — ಬೆನ್ನ ಹಿಂದಿನ ಚಿತ್ರ ಅಳಿಸುವ ಗುಂಡಿ ಒತ್ತಿದೆ. ನಡುಮನೆ ಹೋಯಿತು, ಕರ್ಟನ್ನು ಹೋಯಿತು, ಅಪ್ಪ ಹೋದರು, ಎರಡನೇ ಸಲ, ನನ್ನ ಹಿಂದೆ ಬರೀ ಕಿಟಕಿ, ಅಪ್ಪ ಇಲ್ಲ ಮೇಡಂ, ನಾನು ಕೆಲಸಕ್ಕೆ ಸೇರೋಕೆ ಮೊದಲೇ ಹೋದ್ರು, ಅದು ಫೋಟೋ. ಮೇಡಂ, ಮೆಲ್ಲಗೆ, ಆ ಲೋಟ ಕೆಳಗಿಳಿದಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ ಕಣಮ್ಮ, ಊಹೆ ಮಾಡಬಾರದು ಅಂತ ಖಾಲಿ ಬಿಟ್ಟಿದ್ದೆ, ನಾನು ಹೋಗೋದ್ರೊಳಗೆ ನೀನೇ ಬಂದು ತುಂಬಲಿ ಅಂತ — ಇನ್ನೂ ಏನೋ ಹೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ತಿರುಗಿ ನೋಡುತ್ತೇನೆ, ಮಂಜು ಸರಿಯುತ್ತಿದೆ, ಗೋಪುರ ಬಂತು, ಕೋಟೆಯ ಬಾಗಿಲು ಬಂತು, ಪೋಸ್ಟ್‌ಕಾರ್ಡಿನಲ್ಲಿದ್ದ ಹಾಗೇ, ನೋಡಪ್ಪ, ನೋಡು, ಕಿಟಕಿಯ ಹತ್ತಿರ ಯಾರೂ ಇಲ್ಲ, ಆದರೂ ಆ ಮೊಣಕೈ, ಆ ಲೋಟ, ತುಟಿಗೆ ಒಂದು ಗೇಣು, ಒಂದು ಗೇಣು