ಕಿರುಚದ ಪಂಪು

ಇಂಟರ್‌ವ್ಯೂ ನಾಳೆ ಇತ್ತು. ಅಕ್ಕ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಮೊಬೈಲ್ ನೋಡಿಕೊಂಡು ಪ್ರಶ್ನೆ ಓದುತ್ತಿದ್ದಳು. ಅವಳ ತಮ್ಮ ರಿಪೇರಿ, ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹಾಸಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಉತ್ತರ ಹೇಳುತ್ತಿದ್ದ.

ಅವನಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆದವರು ಮೇಷ್ಟ್ರುಗಳು ಮಾತ್ರ, ಅದೂ ಬೆಂಚಿನ ಮೇಲೆ ನಿಲ್ಲಿಸುವಾಗ. ಹೈಸ್ಕೂಲಿಗೆ ಅರ್ಧದಲ್ಲೇ ಕೈಮುಗಿದು ಮಿಕ್ಸಿ ಅಂಗಡಿ ಸೇರಿದ ಮೇಲೆ ಇಡೀ ಬೀದಿಗೆ ಅವನು ರಿಪೇರಿ. ಆಮೇಲೆ ಸಂಜೆ ಕ್ಲಾಸಿಗೆ ಹೋಗಿ ಆಸ್ಪತ್ರೆ ಯಂತ್ರಗಳ ಒಂದು ಸಣ್ಣ ಕೋರ್ಸ್ ಮುಗಿಸಿದ್ದ. ಆ ಸರ್ಟಿಫಿಕೇಟ್ ಹಿಡಿದು ಹೋದಲ್ಲೆಲ್ಲ ಒಂದೇ ಮಾತು: "ಹತ್ತನೇ ಕ್ಲಾಸ್ ಪಾಸಾಗಿಲ್ವಲ್ಲಪ್ಪ." ಯಂತ್ರ ಬಿಚ್ಚೋಕೆ ಕೈ ಬೇಕೋ ಮಾರ್ಕ್ಸ್ ಕಾರ್ಡ್ ಬೇಕೋ ಅಂತ ಕೇಳಿ ಬೈಸಿಕೊಂಡೂ ಬಂದಿದ್ದ. ಈಗ ಭಾವ ಕೆಲಸ ಮಾಡುವ ಆಸ್ಪತ್ರೆಯೇ ಕರೆದಿತ್ತು. ಹತ್ತನೇ ಕ್ಲಾಸಿನ ಸುದ್ದಿ ಯಾರೂ ಎತ್ತಿರಲಿಲ್ಲ. ಯಾಕೆ ಎತ್ತಲಿಲ್ಲ ಅಂತ ಅವನೂ ಕೇಳಿರಲಿಲ್ಲ.

ಬೆಡ್‌ಶೀಟಿನ ಮೇಲೆ ಒಂದು ಸಿರಿಂಜ್ ಪಂಪು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಔಷಧಿ ತುಂಬಿದ ಸಿರಿಂಜನ್ನು ಇದರಲ್ಲಿ ಮಲಗಿಸಿದರೆ, ಸಣ್ಣದೊಂದು ಮೋಟಾರು ಅದರ ಹಿಂಬದಿಯನ್ನು ನಿಧಾನಕ್ಕೆ ತಳ್ಳುತ್ತದೆ. ಔಷಧಿ ತೊಟ್ಟುತೊಟ್ಟಾಗಿ ರೋಗಿಯ ರಕ್ತಕ್ಕೆ ಇಳಿಯುತ್ತದೆ. ಸಿರಿಂಜನ್ನು ಹಿಡಿದಿಡಲು ಏಡಿಯ ಇಕ್ಕಳದಂಥ ಒಂದು ಕೊಕ್ಕೆ. ಕೊಕ್ಕೆಯಿಂದ ಸಿರಿಂಜು ಜಾರಿದರೆ ಒಳಗಿನ ಒಂದು ಸ್ವಿಚ್ಚು ಬಿಟ್ಟುಕೊಂಡು ಪಂಪು ಕಿರುಚಬೇಕು. ಕಿರುಚದಿದ್ದರೆ ಔಷಧಿಯೆಲ್ಲ ಒಟ್ಟಿಗೇ ಇಳಿದುಹೋಗಬಹುದು.

ಹಿಂದಿನ ಸಂಜೆ ಭಾವ ಅದನ್ನು ಬಟ್ಟೆ ಚೀಲದಲ್ಲಿ ಸುತ್ತಿ ತಂದಿದ್ದರು. ಭಾವ ಅಲ್ಲಿ ವಾರ್ಡ್ ಅಟೆಂಡರ್. ಹಳೇ ಟೆಕ್ನಿಷಿಯನ್ ಬಿಟ್ಟುಹೋದಾಗಿನಿಂದ ಆ ಜಾಗ ಖಾಲಿ, ಹಾಗಾಗಿ ಮಂಚದ ಚಕ್ರದಿಂದ ಹಿಡಿದು ಮಷಿನ್‌ಗಳ ತನಕ ಕೈಗೆ ಸಿಕ್ಕಿದ್ದನ್ನೆಲ್ಲ ಅವರೇ ಜೋಡಿಸುತ್ತಿದ್ದರು.

"ಗುಜರಿಗೆ ಹಾಕಿದ್ದು ಕಣೋ ಭಾಮೈದ. ಬಿಚ್ಚಿ ಕಲ್ತ್ಕೋ. ಸರಿ ಮಾಡಿದ್ರೆ ಇನ್ನೂ ಒಳ್ಳೇದು," ಅಂದಿದ್ದರು. ಆಮೇಲೆ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಹೊಸ ಕೊಕ್ಕೆ ತೆಗೆದುಕೊಟ್ಟಿದ್ದರು.

"ಗುಜರಿ ಮಾಲಿಗೆ ಹೊಸ ಪಾರ್ಟಾ ಭಾವ?"

"ಕೊಟ್ಟಿದ್ದನ್ನ ಹಾಕು. ಹುಡುಗಿ ನೋಡೋಕೆ ಬಂದೋರ ಥರ ಪ್ರಶ್ನೆ ಕೇಳ್ಬೇಡ."

ಮೂವರೂ ನಕ್ಕಿದ್ದರು. ಭಾವನ ನಗು ಎಲ್ಲರಿಗಿಂತ ಮೊದಲು ನಿಂತಿತ್ತು.

ಈಗ ಹಳೇ ಕೊಕ್ಕೆ ಬಿಚ್ಚಿ ನೋಡಿದರೆ ಬುಡದಲ್ಲೇ ಸೀಳು ಬಿಟ್ಟಿತ್ತು. ಅದರ ಹಿಂದೆ ಟಾರ್ಚ್ ಹಿಡಿದ ರಿಪೇರಿ ಗಹಗಹಿಸಿ ನಕ್ಕ.

"ಏನೋ ಅದು?" ಅಂದಳು ಅಕ್ಕ.

"ನೋಡೇ ಇಲ್ಲಿ, ಸ್ವಿಚ್ಚಿಗೆ ಬೆಂಕಿಕಡ್ಡಿ! ಯಾವನೋ ನಮ್ಮ ಕುಲದೋನೇ ಇರ್ಬೇಕು."

ಅಂಗಡಿಯಲ್ಲಿ ಅವನು ಮಾಡುತ್ತಿದ್ದುದೂ ಇದನ್ನೇ. ಮುಚ್ಚಳ ಹಾಕದೆ ಮಿಕ್ಸಿ ತಿರುಗಬಾರದು ಅಂತ ಒಳಗೊಂದು ಸ್ವಿಚ್ಚಿರುತ್ತದೆ. ಅದು ಹಾಳಾಗಿ ಗಿರಾಕಿ ಅವಸರ ಮಾಡಿದರೆ, ಒಂದು ಬೆಂಕಿಕಡ್ಡಿ ಮುರಿದು ಸ್ವಿಚ್ಚಿನ ಸಂದಿಗೆ ಸಿಕ್ಕಿಸಿಬಿಟ್ಟರಾಯಿತು. ಮುಚ್ಚಳ ಇದ್ದರೂ ಇಲ್ಲದಿದ್ದರೂ ಇದೆ ಅಂತಲೇ ಮಿಕ್ಸಿ ನಂಬುತ್ತದೆ. ಇಲ್ಲೂ ಅಷ್ಟೇ. ಸಿರಿಂಜು ಭದ್ರವಾಗಿದೆ ಅಂತ ಪಂಪು ನಂಬಿಕೊಂಡಿತ್ತು.

ಕಡ್ಡಿ ಕಿತ್ತೆಸೆದ. ಹೊಸ ಕೊಕ್ಕೆ ಕೂರಿಸಿದ. ಸಿರಿಂಜು ಮಲಗುವ ಹಳ್ಳದಲ್ಲಿ ಔಷಧಿ ಅಂಟಂಟಾಗಿ ಒಣಗಿತ್ತು; ಭಾವ ಹೇಳಿದ್ದ ಹಾಗೆ ಸ್ಪಿರಿಟ್ಟಿನಲ್ಲಿ ತಿಕ್ಕಿ ಒರೆಸಿದ. ಸಿರಿಂಜು ಮಲಗಿಸಿ, ಚಾಲೂ ಮಾಡಿ, ಬೇಕೆಂದೇ ಎಳೆದ. ಪಂಪು ಕಿವಿ ತೂತಾಗುವ ಹಾಗೆ ಕಿರುಚಿತು.

"ಭೇಷ್ ಮಗನೇ!" ಅಂತ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. "ಮುಂದಿನ ಪ್ರಶ್ನೆ ಬಿಡೇ ಅಕ್ಕ."

ಅಕ್ಕ ಓದಿದಳು. "ರೋಗಿಗೆ ಅಪಾಯವಾದಾಗ ಬಳಕೆಯಲ್ಲಿದ್ದ ಯಂತ್ರ ನಿಮ್ಮ ಕೈಗೆ ಬಂದರೆ ಮೊದಲು ಏನು ಮಾಡುತ್ತೀರಿ?"

ಇದನ್ನವನು ಬಾಯಿಪಾಠ ಮಾಡಿದ್ದ. "ಏನೂ ಮಾಡಬಾರದು. ಬಿಚ್ಚಬಾರದು, ಒರೆಸಬಾರದು, ರಿಪೇರಿ ಮಾಡಬಾರದು. ಸಿರಿಂಜು, ಪೈಪು ಸಮೇತ ಇದ್ದ ಹಾಗೇ ತೆಗೆದಿಟ್ಟು, ಬೀಗ ಹಾಕಿ, ತನಿಖೆಯವರಿಗೆ..."

ಅವನ ಕೈಯಲ್ಲಿ ಸ್ಪಿರಿಟ್ಟಿನ ಬಟ್ಟೆ ಇನ್ನೂ ಹಸಿಯಾಗಿತ್ತು. ಅಕ್ಕ ಪಂಪನ್ನು ನೋಡಿದಳು, ಅವನನ್ನು ನೋಡಿದಳು. ಮದುವೆ ಮನೆಗೆ ಹೊರಟ ಪಾತ್ರೆಯ ಹಾಗೆ ಪಂಪು ಫಳಫಳ ಹೊಳೆಯುತ್ತಿತ್ತು.

"ಹೋದ ವಾರ ನಿನ್ನ ಭಾವನ ವಾರ್ಡಲ್ಲಿ ಒಬ್ಬಳು ತೀರಿಹೋದಳಂತೆ," ಅಂದಳು ಅಕ್ಕ, ಬಾಗಿಲ ಕಡೆ ನೋಡುತ್ತ. "ಟೈಲರಮ್ಮ. ಆಪರೇಷನ್ ಚೆನ್ನಾಗೇ ಆಗಿತ್ತಂತೆ. ನೋವಿಗೆ ಅಂತ ಔಷಧಿ ಹಾಕಿ ಮಲಗಿಸಿದ್ದು, ಏಳಲೇ ಇಲ್ಲವಂತೆ. ಅವತ್ತಿಂದ ಇವರು ಸರಿಯಾಗಿ ಉಣ್ತಿಲ್ಲ."

ಮಧ್ಯಾಹ್ನ ಭಾವ ಖಾಲಿ ಚೀಲ ಹಿಡಿದೇ ಬಂದರು. ಚಪ್ಪಲಿ ಬಿಡುವ ಮೊದಲೇ, "ಆಯ್ತಾ?" ಅಂದರು.

"ಟೈಲರಮ್ಮನಿಗೆ ಹಾಕಿದ್ದು ಇದೇ ಪಂಪಾ ಭಾವ?"

ಭಾವ ಹೆಂಡತಿ ಕಡೆ ಕೆಂಡದಂಥ ಕಣ್ಣು ಬಿಟ್ಟರು. ಅವಳು ಕದಲಲಿಲ್ಲ. ಆಮೇಲೆ ಅವರೇ ಗೋಡೆಗೊರಗಿ ಕುಸಿದು ಕೂತರು.

"ನರ್ಸಮ್ಮ ಡೋಸ್ ಜಾಸ್ತಿ ಹಾಕಿದಾಳೆ ಅಂತ ಮಾತಾಗಿದೆ. ಅವಳನ್ನ ಕೆಲಸದಿಂದ ನಿಲ್ಲಿಸಿದಾರೆ. ನಾಳೆ ತನಿಖೆಗೆ ಹೊರಗಿನಿಂದ ಯಾರೋ ಇಂಜಿನಿಯರಮ್ಮ ಬರ್ತಾಳೆ. ಪಂಪು ಸರಿಯಿದ್ರೆ ಅಲ್ಲಿಗೆ ಮುಗೀತು."

"ಕಡ್ಡಿ ಸಿಕ್ಕಿಸಿದ್ದು ಯಾರು?"

"ಪಂಪು ಸುಮ್ಮಸುಮ್ಮನೆ ಕಿರುಚ್ತಿತ್ತು ಕಣೋ. ಸರಿ ಮಾಡ್ಸಿ ಅಂತ ನರ್ಸಮ್ಮ ಹೇಳಿ ಹೇಳಿ ಸೋತಳು. ಹೊಸದು ಕೇಳಿದ್ರೆ, ಇರೋದ್ರಲ್ಲೇ ಸುಧಾರಿಸ್ಕೋ ಅಂದ ಆಸ್ಪತ್ರೆ ನಡೆಸೋ ಆ ಆಫೀಸರ್. ಕೊನೆಗೆ..." ಭಾವ ತಲೆ ಎತ್ತಿದರು. "ನಿನ್ನ ಅಂಗಡೀಲೇ ನೋಡಿದ್ದೆ. ಮಿಕ್ಸಿಗೆ ಹಾಕ್ತಿದ್ದೆಯಲ್ಲ. ಎಷ್ಟು ಸಲೀಸಾಗಿ ಹಾಕ್ತಿದ್ದೆ."

ರಿಪೇರಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅದು ಬರೀ ಮಿಕ್ಸಿ ಭಾವ, ಇದು ಜೀವ ಅಂತ ಕೂಗಬೇಕೆನ್ನಿಸಿತು.

"ಆಫೀಸರೇ ಹೇಳಿದ್ದು," ಅಂದರು ಭಾವ, ಪಂಪನ್ನು ಚೀಲಕ್ಕೆ ತುಂಬುತ್ತ. "ನಿನ್ನ ಭಾಮೈದನ ಕೈಲಿ ಸದ್ದಿಲ್ಲದೆ ಮಾಡ್ಸು, ಕೆಲಸ ಅವನಿಗೇ ಅಂತ. ನೀನು ಬಾಯಿ ಮುಚ್ಕೊಂಡಿದ್ರೆ ಇಬ್ಬರ ಅನ್ನಾನೂ ಉಳಿಯುತ್ತೆ. ಇಲ್ಲ ಅಂದ್ರೆ ನಾನು ಜೈಲಿಗೆ, ನಿಮ್ಮಕ್ಕ ಬೀದಿಗೆ. ಯೋಚ್ನೆ ಮಾಡು."

ಅವರು ಹೋದ ಮೇಲೆ ಅಕ್ಕ ಬೆಡ್‌ಶೀಟ್ ಕೊಡವಿ ಮಡಿಸಿಟ್ಟಳು. ಉಳಿದ ಪ್ರಶ್ನೆಗಳನ್ನು ಅವಳು ಓದಲಿಲ್ಲ, ಅವನೂ ಕೇಳಲಿಲ್ಲ. ಮರುದಿನ ಹೊರಡುವಾಗ ಅವನ ಕಾಲರ್ ಸರಿಮಾಡಿ ಅಂದಳು: "ಅಲ್ಲಿ ಏನು ಹೇಳ್ತೀಯೋ ನಂಗೊತ್ತಿಲ್ಲ. ಹೇಳಿ ಬಂದ್ಮೇಲೂ ನಂಗೆ ಹೇಳ್ಬೇಡ."

ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ ಗಂಟಲಿಗೆ ಕಟ್ಟಿಕೊಳ್ಳುತ್ತಿತ್ತು. ಆಫೀಸಿನ ಬಾಗಿಲೆದುರು ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹೋಗುತ್ತ ಬರುತ್ತ ಇದ್ದ ನರ್ಸುಗಳು ಅವಳನ್ನು ಕಂಡೂ ಕಾಣದವರ ಹಾಗೆ ಗೋಡೆ ಸವರಿಕೊಂಡು ದಾಟುತ್ತಿದ್ದರು. ಯೂನಿಫಾರ್ಮ್ ಇಲ್ಲದಿದ್ದರೂ ಅವಳು ಯಾರು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇಂಟರ್‌ವ್ಯೂಗಾ?" ಅಂದಳು.

"ಹ್ಞೂಂ ಅಕ್ಕಾ."

"ಒಳ್ಳೇದಾಗ್ಲಿ. ಇಲ್ಲಿಗೊಬ್ಬ ಮೆಕ್ಯಾನಿಕ್ ಬೇಕಿತ್ತು," ಅಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವನಿಗೆ.

ಒಳಗೆ ಆಫೀಸರ್ ತಿರುಗುವ ಕುರ್ಚಿಯಲ್ಲಿ ತುಂಬಿಕೊಂಡಿದ್ದ. ಪಕ್ಕದಲ್ಲಿ ಕನ್ನಡಕದ ಇಂಜಿನಿಯರಮ್ಮ. ಮೇಜಿನ ಮೇಲೆ ಪಂಪು.

"ನಮ್ಮ ಹುಡುಗನ ಪರೀಕ್ಷೆಯೂ ಆಗಲಿ, ನಿಮ್ಮ ತಪಾಸಣೆಯೂ ಆಗಲಿ ಮೇಡಂ," ಅಂದ ಆಫೀಸರ್. "ಇವನು ಮಾಡ್ತಾನೆ, ನೀವು ನೋಡಿ."

ರಿಪೇರಿ ಸಿರಿಂಜು ಮಲಗಿಸಿದ, ಚಾಲೂ ಮಾಡಿದ, ಎಳೆದ. ಪಂಪು ಕಿರುಚಿತು. ಇಂಜಿನಿಯರಮ್ಮ ತಾನೂ ಒಮ್ಮೆ ಎಳೆದು ನೋಡಿದಳು. ಮತ್ತೆ ಕಿರುಚಿತು.

"ಹೇಗಿದೆ?" ಅಂತ ಅವನನ್ನೇ ಕೇಳಿದಳು.

"ಸರಿ ಇದೆ ಮೇಡಂ."

ಆಫೀಸರ್ ಹಲ್ಲು ಬಿಟ್ಟ. "ಸೋಮವಾರದಿಂದ ಬಂದ್ಬಿಡಪ್ಪ." ಹತ್ತನೇ ಕ್ಲಾಸಿನ ಮಾತೇ ಇಲ್ಲ. ಇಷ್ಟು ವರ್ಷ ಬಾಗಿಲು ಬಾಗಿಲು ತಟ್ಟಿದ್ದು ಇದೊಂದು ಮಾತಿಗೆ. ಅದು ಇವತ್ತು, ಈ ಆಫೀಸರನ ಬಾಯಿಂದ ಬಂತು.

"ಹಾಗಾದ್ರೆ ತಪ್ಪು ಯಂತ್ರದ್ದಲ್ಲ," ಅಂದಳು ಇಂಜಿನಿಯರಮ್ಮ. "ಆ ನರ್ಸ್‌ನ ಒಳಗೆ ಕರೀರಿ."

ಆಫೀಸರ್ ಬೆಲ್ಲಿಗೆ ಕೈ ಚಾಚಿದ. ರಿಪೇರಿ ಪಂಪಿನ ಮೇಲೆ ಕೈಯಿಟ್ಟ.

"ಈಗ ಸರಿ ಇದೆ ಮೇಡಂ. ನಿನ್ನೆ ಬೆಳಿಗ್ಗೆ ಇರ್ಲಿಲ್ಲ. ಕೊಕ್ಕೆ ಸೀಳಿತ್ತು, ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿದ್ರು. ಕಿತ್ತು, ತೊಳೆದು, ಸರಿ ಮಾಡಿದ್ದು ನಾನೇ. ಆ ಕಡ್ಡಿ ವಿದ್ಯೆ ಬಂದಿದ್ದೂ ನನ್ನಿಂದಲೇ."

"ಏಯ್, ಏನೋ ಬೊಗಳ್ತೀಯ?" ಆಫೀಸರ್ ಎದ್ದು ನಿಂತ. "ತಲೆ ಕೆಟ್ಟಿದೆ ಮೇಡಂ ಇವನಿಗೆ."

ಇಂಜಿನಿಯರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಪಂಪು ನಿನ್ನ ಕೈಗೆ ತಂದುಕೊಟ್ಟಿದ್ದು ಯಾರು?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಭಾವ ಟೀ ತಟ್ಟೆ ಹಿಡಿದು ಒಳಗೆ ಬಂದರು. ಒಳಗೆ ಏನು ನಡೆದಿದೆ ಅಂತ ಗೊತ್ತಿಲ್ಲದ ಮುಖ. ಕೆಲಸ ಸಿಕ್ಕಿರಬೇಕು ಅಂತ ಭಾಮೈದನತ್ತ ಹುಬ್ಬು ಹಾರಿಸಿ, ಅವನ ಮುಂದೆಯೂ ಒಂದು ಲೋಟ ಇಟ್ಟರು.

"ಕೇಳ್ತಾ ಇದೀನಿ. ಯಾರು?" ಅಂದಳು ಇಂಜಿನಿಯರಮ್ಮ.

ರಿಪೇರಿ ಲೋಟದ ಮೇಲಿನ ಹಬೆ ನೋಡುತ್ತ ಅಂದ: "ಇವರು. ನಮ್ಮ ಭಾವ. ಕಳಿಸಿದ್ದು ಆ ಕುರ್ಚಿಯವರು."

ಭಾವನ ಕೈಯಿಂದ ಏನೂ ಬೀಳಲಿಲ್ಲ. ಉಳಿದ ಲೋಟವನ್ನೂ ಹುಷಾರಾಗಿ ಮೇಜಿನ ಮೇಲಿಟ್ಟರು. ಖಾಲಿ ತಟ್ಟೆಯನ್ನು ಎದೆಗೆ ಅವುಚಿಕೊಂಡು ಗೋಡೆ ಪಕ್ಕ ಸರಿದು ನಿಂತರು. ಹೊರಗೆ ಬೆಂಚಿನ ಮೇಲಿದ್ದವಳಿಗೆ ಮಾತು ಕೇಳಿಸದ ಹಾಗೆ ಆಫೀಸರ್ ಹೋಗಿ ಬಾಗಿಲಿಗೆ ಚಿಲಕ ಹಾಕಿದ.