ಆರನೆಯ ಬೆಣೆ

ಪ್ರಯೋಗಾಲಯದವರೆಲ್ಲ ಥಂಡಿಯಪ್ಪ ಎಂದು ಕರೆಯುತ್ತಿದ್ದ ಆ ಮೆಕ್ಯಾನಿಕ್‌ಗೆ ಇದ್ದದ್ದು ಒಂದೇ ಕೆಲಸ: ಎರಡು ಟನ್ ತೂಕದ ಅಲ್ಯೂಮಿನಿಯಂ ದಿಂಡನ್ನು ತಣ್ಣಗಾಗಿಸುವುದು. ಎಷ್ಟು ತಣ್ಣಗೆ? ಇದಕ್ಕಿಂತ ಕೆಳಗೆ ಚಳಿಯೇ ಇಲ್ಲ ಎನ್ನುವ ಗೆರೆಗೆ ಇನ್ನೇನು ತಾಗುವಷ್ಟು. ದೂರದಲ್ಲೆಲ್ಲೋ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದರೆ ಆಕಾಶವೇ ಅಲುಗುತ್ತದಂತೆ. ಆ ಅಲುಗಾಟ ದಿಂಡಿಗೆ ಗೊತ್ತಾಗಬೇಕಾದರೆ ಅದರೊಳಗಿನ ಕಾವಿನ ಗಲಾಟೆ ಅಡಗಬೇಕು.

ಈ ಸಲ ಅಡಗಲಿಲ್ಲ. ಆರು ವಾರ ಪಂಪು ಓಡಿದರೂ, ಮುಚ್ಚಿದ ತೊಟ್ಟಿಯೊಳಗಿನ ದಿಂಡು ಆ ಗೆರೆಗಿಂತ ನಾಲ್ಕು ಡಿಗ್ರಿ ಮೇಲೇ ನಿಂತಿತು.

“ತೊಟ್ಟಿ ಬೆಸುಗೆ ಸೋರ್ತಿದೆ,” ಎಂದರು ಮುಖ್ಯಸ್ಥೆ ಮೇಡಂ. “ಚಳೀಲಿ ಮಾತ್ರ ಬಾಯಿ ಬಿಡೋ ಬಿರುಕು ಇರುತ್ತೆ.”

ಬೆಸುಗೆ ಹಾಕಿದವನು ಥಂಡಿಯಪ್ಪನ ಹೆಂಡತಿಯ ತಮ್ಮ. ಹದಿನೈದು ವರ್ಷ ಒಂದು ತೂತು ಬಿಡದವನನ್ನು ಕಾಂಪೌಂಡಿನ ಗೇಟು ರಿಪೇರಿಗೆ ಹಾಕಿದರು.

ಅದೇ ವಾರ ಥಂಡಿಯಪ್ಪ ಬೆಣೆ ಡಬ್ಬ ತೆರೆದ. ದಿಂಡನ್ನು ಎತ್ತಿ ತೊಟ್ಟಿಗೆ ಇಳಿಸುವಾಗ ಅಲ್ಲಾಡದಿರಲೆಂದು ಸುತ್ತ ಆರು ನೈಲಾನ್ ಬೆಣೆ ಸಿಕ್ಕಿಸುತ್ತಾರೆ. ತೊಟ್ಟಿ ಮುಚ್ಚುವ ಮೊದಲು ಒಬ್ಬ ಕೀಳಬೇಕು, ಇನ್ನೊಬ್ಬ ಗಟ್ಟಿಯಾಗಿ ಎಣಿಸಬೇಕು. ಈ ಸಲ ಮುಚ್ಚಿದ್ದು ಊಟದ ಹೊತ್ತಿನಲ್ಲಿ. ಯಾರನ್ನು ಕರೆಯುವುದು ಎಂದು ತಾನೇ ಕಿತ್ತು, ತಾನೇ ಎಣಿಸಿ, ರಿಜಿಸ್ಟರಿನಲ್ಲಿ ಎರಡೂ ಕಡೆ ತಾನೇ ಸಹಿ ಹಾಕಿದ್ದ. ಡಬ್ಬದಲ್ಲಿ ಆರಿದ್ದವು ನಿಜ. ಆದರೆ ಒಂದು ಹಳದಿ ತಿರುಗಿದ ಹಳೆಯದು, ಮೊದಲಿನಿಂದ ಡಬ್ಬದಲ್ಲೇ ಬಿದ್ದಿದ್ದದ್ದು! ಹಾಗಾದರೆ ಹೊಸದೊಂದು ಒಳಗೇ ಕೂತು, ತೊಟ್ಟಿಯ ಗೋಡೆಯ ಕಾವನ್ನು ದಿಂಡಿಗೆ ದಾಟಿಸುತ್ತಿತ್ತು.

ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಭಾನುವಾರ ಊಟಕ್ಕೆ ಬಂದ ಭಾವಮೈದ ತನ್ನ ಅಂಗೈಯನ್ನೇ ನೋಡುತ್ತಾ, “ತೊಟ್ಟಿ ಬಿಚ್ಚಿದ ದಿನಾನೇ ಕೆಲಸ ಬಿಡ್ತೀನಿ ಭಾವ. ಈ ಮುಖ ಇಟ್ಕೊಂಡು ಅಲ್ಲಿ ಹೇಗಿರ್ಲಿ?” ಎಂದ.

“ನಿನ್ನ ಕೈ ಚೆನ್ನಾಗೇ ಇದೆ ಕಣೋ,” ಎಂದಳು ಅಕ್ಕ. “ನೀವಾದ್ರೂ ಹೇಳ್ರೀ!”

ಥಂಡಿಯಪ್ಪ ತಲೆ ಎತ್ತದೆ ಅನ್ನ ಕಲಸಿದ. ಥೂ, ಇದೂ ಒಂದು ಜನ್ಮವೇ ಎನಿಸಿತು ಅವನಿಗೆ.

ತೊಟ್ಟಿ ಬಿಚ್ಚುವಷ್ಟು ದಿಂಡು ಬೆಚ್ಚಗಾಗಲು ಮತ್ತೆ ಐದು ವಾರ ಹಿಡಿಯಿತು. ಬಿಚ್ಚುವ ದಿನ ಮೇಡಂ ಭಾವಮೈದನನ್ನೂ ಕರೆಸಿದರು: “ಬಾ, ನಿನ್ನ ಬಿರುಕು ನೀನೇ ನೋಡು.” ಅವನು ದೀಪ ಹಿಡಿದ. ಥಂಡಿಯಪ್ಪ ಮೊದಲಿಗನಾಗಿ ಕೈ ತೂರಿಸಿದ. ಮೊದಲಿಗನಾಗಬೇಕೆಂದೇ ಬೆಳಿಗ್ಗೆ ಬೇಗ ಬಂದಿದ್ದ. ಬೆರಳಿಗೆ ಬೆಣೆ ತಗುಲಿತು. ಕಿತ್ತವನೇ ಅಂಗೈಯಲ್ಲಿ ಮುಚ್ಚಿ ಜೇಬಿಗಿಳಿಸಿದ.

“ಏನಾದ್ರೂ ಕಾಣ್ತಾ?” ಮೇಡಂ ಮೆಟ್ಟಿಲ ಕೆಳಗಿನಿಂದ ಕೂಗಿದರು.

“ಏನಿಲ್ಲ ಮೇಡಂ.”

ದೀಪ ಅಲ್ಲಾಡಲಿಲ್ಲ. ಭಾವಮೈದ ಇನ್ನೊಂದು ಕೈಯಿಂದ ಬೆಣೆ ಡಬ್ಬವನ್ನು ಅವನ ಮುಂದೆ ಹಿಡಿದ. ಒಳಗೆ ಐದೇ ಬೆಣೆ, ಐದೂ ಹೊಸವು.

“ಹಳೇದನ್ನ ಆಗ್ಲೇ ತೆಗೆದಿಟ್ಟೆ ಭಾವ,” ಎಂದ, ಮೇಡಂಗೆ ಕೇಳಿಸದಷ್ಟು ಮೆಲ್ಲಗೆ. “ಇಲ್ಲಿ ಜಾಗ ಖಾಲಿ ಇದೆ. ಇಡಿ.”

“ನಿನಗೆ ಗೊತ್ತಿತ್ತಾ?”

“ಡಬ್ಬ ತೆರೆದು ನೋಡಿ ತಿಂಗಳಾಯ್ತು. ನೀವೇ ಹೇಳ್ತೀರಿ ಅಂತ ಕಾದೆ. ಅಕ್ಕಂಗೂ ಹೇಳಿಲ್ಲ.”

ಥಂಡಿಯಪ್ಪ ಜೇಬಿಗೆ ಕೈ ಹಾಕಿದ. ಬೆಣೆ ಅವನ ಮೈಕಾವಿಗೆ ಆಗಲೇ ಬೆಚ್ಚಗಾಗಿತ್ತು. ಅದನ್ನು ಡಬ್ಬದಲ್ಲಿಟ್ಟು, ಭಾವಮೈದನ ಮುಖ ನೋಡಲಾರದೆ ಕೆಳಕ್ಕೆ ಬಗ್ಗಿ, “ಮೇಡಂ, ಸುಳ್ಳು ಹೇಳ್ದೆ. ಸ್ವಲ್ಪ ಮೇಲೆ ಬನ್ನಿ,” ಎಂದ.