ತುಂಬಿದ ಡಬ್ಬಿ, ಮೆತ್ತಗಾದ ಬ್ರೇಕ್

ಕಾಗವಾಡದ ಕುರಿಗಾರ ಮಲಕಾರಿಯ ಪಿಕಪ್ ಗಾಡಿಗೆ ಅವನ ತಾಯಿ ಕೆಂಪವ್ವ ಇಟ್ಟ ಹೆಸರು ‘ಬಿಳಿ ಕುದುರೆ’. ತಾನು ಹೇಳುವ ಕಥೆಗಳ ಕುದುರೆಯಂತೆ ಇದೂ ಏಳು ಹೊಳೆ ಹಾರುತ್ತದೆ ಎಂದು ಅವಳ ಹೆಮ್ಮೆ.

ಆ ಮಂಗಳವಾರ ಮಾತ್ರ ಕುದುರೆ ಲಗಾಮಿಗೆ ಸಿಗಲಿಲ್ಲ. ಕುರಿ ಹೇರಿಕೊಂಡು ಇಳಿಜಾರು ಇಳಿಯುವಾಗ ಮುಂದೆ ಕಬ್ಬಿನ ಟ್ರೇಲರ್ ನಿಂತಿತ್ತು. ಮಲಕಾರಿ ಬ್ರೇಕ್ ತುಳಿದ. ಕಾಲು ಕೆಸರಿನಲ್ಲಿಟ್ಟಂತೆ ಪೆಡಲ್ ಒಳಗೆ ಹೋಯಿತು. ಮೂರನೆಯ ಸಲ ತುಳಿದಾಗ ಗಾಡಿ ನಿಂತಿತು. ಕಬ್ಬಿನ ಗರಿಗಳು ಗಾಜನ್ನು ಸವರುತ್ತಿದ್ದವು.

ಭಾನುವಾರ ಅದೇ ಗಾಡಿಯಲ್ಲಿ ಕೆಂಪವ್ವ ಕೊಕಟನೂರಿನ ಯಲ್ಲಮ್ಮನ ಗುಡಿಗೆ ಹೋಗಬೇಕಿತ್ತು, ಎರಡು ವರ್ಷದ ಮೊಮ್ಮಗಳು ಸಪನಾಳನ್ನು ಮಡಿಲಲ್ಲಿ ಕೂರಿಸಿಕೊಂಡು.

ಮಲಕಾರಿಯ ಹೆಂಡತಿ ಮಾಯಾ ಸುಮ್ಮನೆ ಕೂರಲಿಲ್ಲ. ತಂಗಿ ರಾಜೇಶ್ವರಿಗೆ ಫೋನ್ ಮಾಡಿದಳು. ಐಟಿಐ ಕಲಿತು ನಿಪ್ಪಾಣಿಯ ಗ್ಯಾರೇಜಿನಲ್ಲಿ ದುಡಿಯುವ ಹುಡುಗಿ ಅವಳು. ಶನಿವಾರ ಬೆಳಿಗ್ಗೆ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಬಂದೇಬಿಟ್ಟಳು.

“ಮಾಮಾ, ಬ್ರೇಕ್ ಆಯಿಲ್ ಬದಲಿ ಮಾಡಿ ಎಷ್ಟು ವರ್ಷ ಆತ್ರಿ?”

“ಬದಲಿ ಯಾಕವಾ? ಆಯಿಲ್ ಡಬ್ಬಿ ಯಾವಾಗಲೂ ತುಂಬೇ ಇರತೈತಿ. ಅಮಾಸಿಗೊಮ್ಮೆ ಗಾಡಿ ಪೂಜಿ ಮಾಡಿ, ಖಾಲಿ ಇರಬಾರದಂತ ಒಂದೀಟು ಸುರೀತೀನಿ.”

ಅವನು ಸುರಿಯುವ ಆಯಿಲಿನ ಬಾಟ್ಲಿ ಗೋಡೆಯ ದೇವರ ಮಾಡದಲ್ಲಿ, ದೀಪದೆಣ್ಣೆಯ ಪಕ್ಕದಲ್ಲಿತ್ತು. ಎರಡು ವರ್ಷ ಹಳೆಯದು. ಮುಚ್ಚಳ ಸಡಿಲ. ರಾಜೇಶ್ವರಿ ಅದನ್ನು ಎತ್ತಿ ನೋಡಿದಳು.

“ಇಲ್ಲೇ ತಪ್ಪಾಗೇತಿ. ಈ ಆಯಿಲ್ ಗಾಳ್ಯಾಗಿನ ನೀರು ಹೀರತೈತ್ರಿ. ಬ್ರೇಕ್ ಕಾದಾಗ ಆ ನೀರು ಕುದ್ದು ಗುಳ್ಳಿ ಆಗತೈತಿ. ಅದಕ್ಕ ಪೆಡಲ್ ಮೆತ್ತಗ. ಮತ್ತ ಬ್ರೇಕ್ ಪ್ಯಾಡ್ ಸವದಾಂಗ ಡಬ್ಬ್ಯಾಗ ಆಯಿಲ್ ಕೆಳಗ ಇಳೀತೈತಿ. ಅದು ಗಾಡಿ ನಿಮಗ ಹೇಳೂ ಮಾತು. ನೀವು ಅಮಾಸಿಗೊಮ್ಮೆ ಅದರ ಬಾಯಿ ಮುಚ್ಚಿಸೀರಿ.”

“ಇವರ ಬಾಯಿನೂ ಹಂಗ ಮುಚ್ಚಸಾಕ ಬರತಿದ್ರ ಚಲೋ ಇತ್ತು,” ಎಂದಳು ಮಾಯಾ.

ಮಲಕಾರಿ ತಲೆ ಕೊಡವಿದ. “ಇದು ಮನ್ಯಾಗ ಆಗೂ ಕೆಲಸ ಅಲ್ಲ ಬಿಡು.”

“ಕೆಲಸ ಬಲ್ಲವರು ಒಬ್ರು, ಪೆಡಲ್ ತುಳಿಯಾವರು ಒಬ್ರು ಇದ್ರ ಸಾಕ್ರಿ. ಹತ್ತಿ ಕುಂಡರ್ರಿ.”

ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಟೈರಿಗೆ ಕಲ್ಲು ಕೊಟ್ಟರು. ರಾಜೇಶ್ವರಿ ಬಗ್ಗಿ ನೋಡಿದಳು. ಎಲ್ಲಿಯೂ ಸೋರಿಕೆ ಇರಲಿಲ್ಲ, ಪ್ಯಾಡ್ ಅರ್ಧ ಉಳಿದಿತ್ತು. ಡಬ್ಬಿಯ ಹಳೆ ಆಯಿಲ್ ಎಳೆಯಲು ಮಾಯಾ ಕುರಿಗೆ ಔಷಧ ಕುಡಿಸುವ ಸಿರಿಂಜ್ ತಂದಳು.

“ಅದು ಬ್ಯಾಡಕ್ಕಾ, ಇದು ವಿಷ. ಹೊಸಾದು ಕೊಡು, ಮತ್ತ ಕುರಿಗೆ ಮುಟ್ಟಿಸಬ್ಯಾಡ.”

ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ನಂಬರಿನದೇ ಆಯಿಲ್, ಸೀಲ್ ಒಡೆಯದ ಬಾಟ್ಲಿಯಿಂದ ಸುರಿದರು. ರಾಜೇಶ್ವರಿ ಹಿಂದಿನ ಗಾಲಿಯಲ್ಲಿ ಆಯಿಲ್ ಹೊರಬಿಡುವ ಪುಟ್ಟ ನಟ್ಟಿಗೆ ಗಾಜಿನಂತೆ ಒಳಗಿನದು ಕಾಣುವ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಒಂದು ಖಾಲಿ ಬಾಟ್ಲಿಯೊಳಗೆ ಬಿಟ್ಟಳು.

“ತುಳೀರಿ. ಹಂಗ ಹಿಡೀರಿ.” ನಟ್ಟು ಸಡಿಲಿಸಿದಳು, ಆಯಿಲ್ ಚಿಮ್ಮಿತು. ಬಿಗಿದಳು. “ಈಗ ಬಿಡ್ರಿ. ಬಿಗಿಯೂದಕ್ಕಿಂತ ಮೊದಲ ಕಾಲ ಎತ್ತಿದ್ರ ಗಾಳಿ ಹೊಕ್ಕೊಂತೈತಿ. ಅಕ್ಕಾ, ಡಬ್ಬಿ ಖಾಲಿ ಆಗಗೊಡಬ್ಯಾಡ.”

“ಥೇಟ್ ಕುರಿ ಹಾಲು ಹಿಂಡಿದಂಗ ಐತಲ್ಲಬೇ,” ಎನ್ನುತ್ತ ಕೆಂಪವ್ವ ಮೊಮ್ಮಗಳನ್ನೆತ್ತಿಕೊಂಡು ಹತ್ತಿರ ಬಂದಳು. ಮೊದಲು ಬಂದದ್ದು ಹಾಲಿಲ್ಲದ ಚಹಾದಂಥ ಕಪ್ಪು, ಅದರೊಳಗೆ ಗುಳ್ಳೆಗಳ ಸಾಲು. ಎಲ್ಲರ ಕಣ್ಣೂ ನಳಿಗೆಯ ಮೇಲೆ. ತುಳಿ, ಹಿಡಿ, ಬಿಡು. ತುಳಿ, ಹಿಡಿ, ಬಿಡು. ಆಮೇಲೆ ಜೇನುಬಣ್ಣದ ಆಯಿಲ್ ತಿಳಿಯಾಗಿ ಇಳಿಯತೊಡಗಿತು.

“ಬಂತು, ಬಂತು!” ಮಾಯಾ ಕುಣಿದೇಬಿಟ್ಟಳು.

ಹೀಗೇ ನಾಲ್ಕನೆಯ ಗಾಲಿಯೂ ಮುಗಿದಾಗ ಮಲಕಾರಿ ಪೆಡಲನ್ನು ಎರಡು ಸಲ ಒತ್ತಿ ನೋಡಿದ. ಆಮೇಲೆ ಅಂದ: “ಕಲ್ಲ ತುಳದಂಗ ಆಗೈತಿ.”

ಕೆಂಪವ್ವ ಕೋಲಿನಿಂದ ಅಂಗಳದಲ್ಲಿ ಗೆರೆ ಎಳೆದಳು. “ಇಲ್ಲಿ ನಿಲ್ಲಸು, ನೋಡೂನು.”

ಗಾಡಿ ಮೆಲ್ಲಗೆ ಬಂತು. ಗೆರೆಗೆ ಒಂದು ಗೇಣು ಹಿಂದೆ ನಿಂತಿತು.

“ನಾಳೆ ನಾ ಮುಂದ ಕುಂಡರತೀನಿ,” ಎಂದಳು ಮುದುಕಿ.

ಮುಂದಿನ ಅಮಾವಾಸ್ಯೆಗೆ ಮಲಕಾರಿ ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಹೊರಗಿನಿಂದಲೇ ಡಬ್ಬಿಯ ಮೇಲಿನ ಆಯಿಲ್ ಮಟ್ಟದ ಗೆರೆ ನೋಡಿ, ಮುಚ್ಚಳಕ್ಕೆ ಕುಂಕುಮ ಇಟ್ಟ. ಬಾನೆಟ್ಟಿನ ಒಳಗೆ ಕುರಿಗೆ ಗುರುತು ಹಾಕುವ ಕೆಂಪು ಬಣ್ಣದಲ್ಲಿ ಆಯಿಲ್ ಬದಲಿಸಿದ ತಾರೀಖು ಬರೆದಿದ್ದ.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಗಾಡಿಯ ಬಾನೆಟ್ ಒಮ್ಮೆ ಎತ್ತಿರಿ. ಬ್ರೇಕ್ ಆಯಿಲ್ ಕಪ್ಪಾಗಿದ್ದರೆ, ಇಲ್ಲವೇ ಎರಡು ವರ್ಷ ಮೀರಿದ್ದರೆ ಬದಲಿಸಿರಿ. ಗಾಡಿಯ ಪುಸ್ತಕ ಓದಿರಿ. ಕೆಲಸ ಬಾರದಿದ್ದರೆ, ಇಲ್ಲವೇ ಗಾಡಿಗೆ ಗಾಲಿ ಜಾರದಂತೆ ತಡೆಯುವ ಎಬಿಎಸ್ ಬ್ರೇಕ್ ಇದ್ದರೆ ಮೆಕ್ಯಾನಿಕ್‌ನನ್ನು ಕರೆಯಿರಿ. ಹಳೆ ಆಯಿಲ್ ಮಣ್ಣಿಗೆ, ಗಟಾರಕ್ಕೆ ಚೆಲ್ಲದೆ ಗ್ಯಾರೇಜಿಗೆ ಕೊಡಿರಿ. ಮುಂದಿನ ಸೀಟಿನಲ್ಲಿ ನಿಮ್ಮ ಅವ್ವನೂ ಕೂರುತ್ತಾಳೆ, ಅವಳ ಮಡಿಲಲ್ಲಿ ನಿಮ್ಮ ಮಗುವೂ.